ಬಿಸಿಲು ಸರಿದ ಮೇಲೂ ಬಿಸಿಲಿಗೆ ಹೆದರುವ ಎಲೆ: ತಂಬಾಕಿನ ಒಂದು ಪ್ರಕರಣ

2016ರ ನವೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಪ್ರಬಂಧ ಬಂತು. ತಂಬಾಕಿನ ಗಿಡಕ್ಕೆ ಮೂರು ಜೀನ್‌ಗಳನ್ನು ಹೆಚ್ಚುವರಿಯಾಗಿ ಸೇರಿಸಿ ಹೊಲದಲ್ಲಿ ಬೆಳೆಸಿದಾಗ ಗಿಡದ ಒಣತೂಕ ಶೇ 14ರಿಂದ 20ರಷ್ಟು ಹೆಚ್ಚಿತು ಎಂಬುದು ಅದರ ಸಾರ. ಆ ಜೀನ್‌ಗಳು ಗೊಬ್ಬರ ಹೀರುವ ಕೆಲಸಕ್ಕೆ ಸೇರಿದವಲ್ಲ, ಕೀಟ ತಡೆಯುವವಲ್ಲ, ಗಾಳಿಯಿಂದ ಇಂಗಾಲ ಹಿಡಿಯುವ ಕಿಣ್ವದ್ದೂ ಅಲ್ಲ. ಮೂರೂ ಅತಿಯಾದ ಬೆಳಕಿನಿಂದ ಎಲೆ ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆಗೆ ಸೇರಿದವು. ರಕ್ಷಣೆಯ ಜೀನ್ ಹೆಚ್ಚಿಸಿದರೆ ಇಳುವರಿ ಏಕೆ ಹೆಚ್ಚಬೇಕು? ರಕ್ಷಣೆಗೆ ಖರ್ಚು ಮಾಡಿದಷ್ಟೂ ದುಡಿಮೆ ಕಡಿಮೆಯಾಗಬೇಕಲ್ಲವೇ? ಈ ಪ್ರಕರಣ ಹಿಡಿದು ಕೂರಲು ಆ ಪ್ರಶ್ನೆಯೇ ಕಾರಣ. ಇನ್ನೂ ಒಂದು ಕಾರಣವಿದೆ: ಇದೇ ಉಪಾಯವನ್ನು ಬೇರೆ ಗಿಡಗಳಲ್ಲಿ ಮಾಡಿದವರಿಗೆಲ್ಲ ಇದೇ ಫಲ ಸಿಗಲಿಲ್ಲ. ಕೆಲವರಿಗೆ ಸಿಕ್ಕಿದ್ದು ಪೂರ್ತಿ ಉಲ್ಟಾ.

ಎಲೆಯ ಪಾಡು

ನಡುಹಗಲಿನ ನೇರ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಸುಮಾರು 2,000 ಮೈಕ್ರೊಮೋಲ್ ಫೋಟಾನ್‌ಗಳು ಬೀಳುತ್ತವೆ. ದ್ಯುತಿಸಂಶ್ಲೇಷಣೆಗೆ ಒದಗುವ ಬಣ್ಣಗಳದ್ದು ಮಾತ್ರ ಈ ಲೆಕ್ಕ. ತಂಬಾಕು, ಭತ್ತ, ಸೋಯಾಬೀನ್‌ಗಳಂಥ ಗಿಡಗಳ ಎಲೆ ಇದರಲ್ಲಿ ಅರ್ಧ ಸಿಗುವ ಹೊತ್ತಿಗೇ ತನ್ನ ದುಡಿಮೆಯ ಮಿತಿಯ ಹತ್ತಿರ ಬಂದಿರುತ್ತದೆ. ನೆರಳಿನಲ್ಲೇ ಬೆಳೆದ ಎಲೆಗೆ ಹತ್ತರಲ್ಲೊಂದು ಪಾಲೇ ಧಾರಾಳ. ತೊಂದರೆ ಏನೆಂದರೆ, ದುಡಿಮೆ ಮಿತಿ ಮುಟ್ಟಿದರೂ ಹೀರುವುದು ನಿಲ್ಲುವುದಿಲ್ಲ. ಕ್ಲೋರೊಫಿಲ್ ಅಣುವಿಗೆ ‘ಸಾಕು’ ಎನ್ನಲು ಬರುವುದಿಲ್ಲ. ಬೆಳಕು ಬಿದ್ದರೆ ಅದು ಹೀರುತ್ತದೆ.

ಹೀರಿದ ಶಕ್ತಿಗೆ ಮೂರು ದಾರಿ. ಎಲೆಕ್ಟ್ರಾನನ್ನು ಮುಂದಕ್ಕೆ ತಳ್ಳಿ ಸಕ್ಕರೆ ಮಾಡುವ ಕೆಲಸಕ್ಕೆ ಹೋಗಬಹುದು, ಶಾಖವಾಗಿ ಹೋಗಬಹುದು, ಕೆಂಪು ಬೆಳಕಾಗಿ ಮತ್ತೆ ಹೊರಗೆ ಬರಬಹುದು. ಕೊನೆಯದನ್ನು ಪ್ರತಿದೀಪ್ತಿ ಎನ್ನುತ್ತಾರೆ. ಹಸಿರೆಲೆಯನ್ನು ಆಲ್ಕೊಹಾಲಿನಲ್ಲಿ ಅರೆದು ಸೋಸಿ, ಆ ಹಸಿರು ದ್ರಾವಣದ ಮೇಲೆ ಕತ್ತಲೆಯಲ್ಲಿ ನೀಲಿ ಬೆಳಕು ಬಿಟ್ಟು ಪಕ್ಕದಿಂದ ನೋಡಿದರೆ ಅದು ರಕ್ತಗೆಂಪಾಗಿ ಹೊಳೆಯುತ್ತದೆ. ಅಲ್ಲಿ ಕ್ಲೋರೊಫಿಲ್ ಇದೆ, ಆದರೆ ಅದರ ಶಕ್ತಿಯನ್ನು ತೆಗೆದುಕೊಳ್ಳುವ ಯಂತ್ರ ಒಡೆದುಹೋಗಿದೆ. ಜೀವಂತ ಎಲೆಯ ಮೇಲೆ ಅದೇ ಬೆಳಕು ಬಿಟ್ಟರೆ ಹೊಳಪು ಬರಿಗಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು. ಹೀರಿದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀಗೆ ಹೊರಬೀಳುತ್ತದೆ. ಆ ಒಂದೆರಡು ಪಾಲು ಏರಿಳಿಯುವುದನ್ನು ಉಪಕರಣದಿಂದ ಅಳೆದೇ ಒಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಾರೆ. 1931ರಲ್ಲಿ ಕೌಟ್ಸ್ಕಿ ಮತ್ತು ಹಿರ್ಷ್ ಗುರುತಿಸಿದ ಈ ಏರಿಳಿತದ ಮೇಲೆಯೇ ಈ ಇಡೀ ಕ್ಷೇತ್ರ ನಿಂತಿದೆ. ಎಲೆಯನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟು ಅಳೆದರೆ ಬರುವ ಒಂದು ಅನುಪಾತವಿದೆ. ಹೀರಿದ ಬೆಳಕಿನಲ್ಲಿ ಗರಿಷ್ಠ ಎಷ್ಟು ಪಾಲನ್ನು ಎಲೆ ಕೆಲಸಕ್ಕೆ ಹಚ್ಚಬಲ್ಲದು ಎಂಬುದನ್ನು ಅದು ಹೇಳುತ್ತದೆ. 1987ರಲ್ಲಿ ಬ್ಯೋರ್ಕ್‌ಮನ್ ಮತ್ತು ಡೆಮ್ಮಿಗ್ 44 ಜಾತಿಯ ಗಿಡಗಳಲ್ಲಿ ಅಳೆದಾಗ ಸರಾಸರಿ 0.83 ಬಂತು, ಜಾತಿಯಿಂದ ಜಾತಿಗೆ ವ್ಯತ್ಯಾಸ ಬಹಳ ಕಡಿಮೆ. ಆರೋಗ್ಯವಂತ ಎಲೆ ಎಂದರೆ 0.83, ಅದಕ್ಕಿಂತ ಕೆಳಗಿಳಿದರೆ ಎಲ್ಲೋ ಪೆಟ್ಟು ಬಿದ್ದಿದೆ, ಇಲ್ಲವೇ ರಕ್ಷಣೆ ಇನ್ನೂ ಸಡಿಲಾಗಿಲ್ಲ.

ಪೆಟ್ಟು ಹೇಗೆ ಬೀಳುತ್ತದೆ? ಬೆಳಕು ಹೀರಿ ಉದ್ರಿಕ್ತವಾದ ಕ್ಲೋರೊಫಿಲ್‌ಗೆ ಕೆಲವು ನ್ಯಾನೊಸೆಕೆಂಡುಗಳ ಆಯುಸ್ಸು. ಅಷ್ಟರಲ್ಲಿ ಅದರ ಶಕ್ತಿಗೆ ಗಿರಾಕಿ ಸಿಗದಿದ್ದರೆ ಅದು ಟ್ರಿಪ್ಲೆಟ್ ಎಂಬ, ಇನ್ನೂ ದೀರ್ಘ ಬಾಳುವ ಸ್ಥಿತಿಗೆ ಜಾರುತ್ತದೆ. ಟ್ರಿಪ್ಲೆಟ್ ಕ್ಲೋರೊಫಿಲ್ ಪಕ್ಕದ ಆಮ್ಲಜನಕಕ್ಕೆ ಶಕ್ತಿ ದಾಟಿಸುತ್ತದೆ. ಹುಟ್ಟುವುದು ಸಿಂಗ್ಲೆಟ್ ಆಕ್ಸಿಜನ್, ಸಿಕ್ಕಿದ್ದನ್ನು ಸುಡುವ ಪ್ರಾಣಿ. ಎಲೆಯೇ ಆಮ್ಲಜನಕದ ಕಾರ್ಖಾನೆ. ಅಂದರೆ ಅಪಾಯದ ಸಾಮಗ್ರಿಯೆಲ್ಲ ಒಂದೇ ಪೊರೆಯಲ್ಲಿ ಒತ್ತೊತ್ತಾಗಿ ಕೂತಿದೆ.

ಮೊದಲು ಕೆಡುವುದು, ಹೀರಿದ ಬೆಳಕಿನಿಂದ ಎಲೆಕ್ಟ್ರಾನನ್ನು ತಳ್ಳುವ ಯಂತ್ರವಾದ ಫೋಟೋಸಿಸ್ಟಂ 2ರ ನಡುವಿನಲ್ಲಿರುವ ಡಿ1 ಎಂಬ ಪ್ರೋಟೀನು. ತೀವ್ರ ಬೆಳಕು ದ್ಯುತಿಸಂಶ್ಲೇಷಣೆಯನ್ನೇ ಕುಗ್ಗಿಸುತ್ತದೆ ಎಂಬುದನ್ನು ಕಾಕ್ ಎಂಬ ವಿಜ್ಞಾನಿ 1956ರಲ್ಲೇ ವಿವರವಾಗಿ ಬರೆದಿದ್ದ. ಪೆಟ್ಟು ಬೀಳುವ ಪ್ರೋಟೀನು ಯಾವುದೆಂದು ಸ್ಪಷ್ಟವಾದದ್ದು 1980ರ ದಶಕದಲ್ಲಿ. ಕೆಟ್ಟ ಡಿ1 ಅನ್ನು ಕತ್ತರಿಸಿ ತೆಗೆದು, ಹೊಸದನ್ನು ತಯಾರಿಸಿ, ಅದೇ ಜಾಗದಲ್ಲಿ ಕೂರಿಸುವ ಕೆಲಸ ಹಗಲಿಡೀ ನಡೆಯುತ್ತಲೇ ಇರುತ್ತದೆ. ಸುತ್ತಲಿನ ಹತ್ತಾರು ಪ್ರೋಟೀನುಗಳು ಹಾಗೇ ಉಳಿದು, ಇದೊಂದು ಮಾತ್ರ ಬದಲಾಗುತ್ತದೆ. ರಿಪೇರಿಯ ವೇಗಕ್ಕಿಂತ ಕೆಡುವ ವೇಗ ಹೆಚ್ಚಾದ ದಿನ ಎಲೆಯ ಉತ್ಪಾದನೆ ಇಳಿಯುತ್ತದೆ. ಇನ್ನೂ ಮುಂದುವರಿದರೆ ಎಲೆ ಬಿಳಿಚಿಕೊಳ್ಳುತ್ತದೆ. ನೆರಳಿನಲ್ಲಿ ಬೆಳೆಸಿದ ಸಸಿಯನ್ನು ಒಮ್ಮೆಗೇ ಬಯಲಿಗೆ ತಂದಿಟ್ಟಾಗ ಎಲೆಯ ಮೇಲೆ ಮೂಡುವ ಬಿಳಿ ಮಚ್ಚೆ ಬಹಳ ಸಲ ಇದರದ್ದೇ ಕೊನೆಯ ಹಂತ. ನೀರು ಸಾಲದು ಎಂದು ತಿಳಿದು ಇನ್ನಷ್ಟು ಸುರಿಯುವವರಿದ್ದಾರೆ. ಮಚ್ಚೆ ಅದಕ್ಕೆಲ್ಲ ಬಗ್ಗುವುದಿಲ್ಲ.

ತಡೆಯುವ ಉಪಾಯಗಳು ಹಲವು. ಕೆಲವು ಗಿಡಗಳು ಎಲೆಯನ್ನೇ ಸೂರ್ಯನಿಗೆ ಓರೆಯಾಗಿ ತಿರುಗಿಸುತ್ತವೆ. ಕ್ಲೋರೊಪ್ಲಾಸ್ಟ್‌ಗಳು ಜೀವಕೋಶದ ಪಕ್ಕದ ಗೋಡೆಗೆ ಸರಿದು ಒಂದರ ಹಿಂದೊಂದು ನಿಂತು ನೆರಳು ಮಾಡಿಕೊಳ್ಳುತ್ತವೆ. ಹೀಗೆ ಸರಿಯಲಾರದ ರೂಪಾಂತರಿ ಗಿಡಗಳು ತೀವ್ರ ಬೆಳಕಿನಲ್ಲಿ ಹೆಚ್ಚು ಕೆಡುತ್ತವೆ ಎಂದು 2002ರಲ್ಲಿ ತೋರಿಸಿದ್ದಾರೆ. ಎಳೆ ಎಲೆಯ ಕೆಂಪು ಬಣ್ಣ, ರೋಮ, ಮೇಣ ಇವೂ ಇವೆ. ಈ ಪ್ರಕರಣಕ್ಕೆ ಅವು ಬೇಡ. ನಮಗೆ ಬೇಕಾದದ್ದು ಒಳಗಿನ ಉಪಾಯ: ಹೀರಿಯಾದ ಮೇಲೆ ಹೆಚ್ಚಾದದ್ದನ್ನು ಶಾಖವಾಗಿ ಕಳೆಯುವುದು.

ಶಾಖವಾಗಿ ಕಳೆಯುವ ಬಗೆ

ಇದರ ಸೊಗಸು ಅದು ಹೊತ್ತಿಕೊಳ್ಳುವ ರೀತಿಯಲ್ಲಿದೆ. ಬೆಳಕು ಹೆಚ್ಚಾಗಿದೆ ಎಂದು ಎಲೆಗೆ ಹೇಳಲು ಪ್ರತ್ಯೇಕ ಕಣ್ಣು ಬೇಕಿಲ್ಲ. ಎಲೆಕ್ಟ್ರಾನುಗಳು ಓಡಿದಂತೆಲ್ಲ ಕ್ಲೋರೊಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಎಂಬ ಪೊರೆಯ ಒಳಗಿನ ಕಿರಿದಾದ ಜಾಗಕ್ಕೆ ಪ್ರೋಟಾನುಗಳು ತುಂಬುತ್ತವೆ. ಅವು ಹೊರಗೆ ಹರಿಯುವಾಗ ಸಕ್ಕರೆ ಮಾಡಲು ಬೇಕಾದ ಶಕ್ತಿಯನ್ನು ಹೊತ್ತೊಯ್ಯುವ ಎಟಿಪಿ ಎಂಬ ಅಣು ತಯಾರಾಗುತ್ತದೆ. ಸಕ್ಕರೆ ಮಾಡುವ ಕೆಲಸ ನಿಧಾನವಾದರೆ ಎಟಿಪಿಗೆ ಬೇಡಿಕೆ ಇಳಿದು ಪ್ರೋಟಾನುಗಳು ಒಳಗೇ ಉಳಿಯುತ್ತವೆ, ಒಳಗಿನ ಜಾಗ ಹುಳಿಯಾಗುತ್ತದೆ. ಆ ಹುಳಿಯೇ ಸೂಚನೆ. ಬೆಳಕು ಎಷ್ಟಿದೆ ಎಂಬುದಲ್ಲ, ಬಳಸಲಾಗದಷ್ಟು ಇದೆಯೇ ಎಂಬುದನ್ನೇ ಅದು ನೇರವಾಗಿ ಅಳೆಯುತ್ತದೆ. ಚಳಿಯ ಬೆಳಗಿನಲ್ಲಿ ಮಧ್ಯಮ ಬೆಳಕೂ ಅತಿಯಾದೀತು. ಬೆಚ್ಚಗಿನ ಹೊತ್ತಿನಲ್ಲಿ ಅದೇ ಬೆಳಕು ಹಿತವಾಗಿರುತ್ತದೆ. ಈ ವ್ಯತ್ಯಾಸ ಪ್ರೋಟಾನಿನ ಲೆಕ್ಕದಲ್ಲಿ ತಾನಾಗಿ ಬಂದುಬಿಡುತ್ತದೆ.

ಹುಳಿ ಏರಿದಾಗ ಎರಡು ಕೆಲಸ ಆಗುತ್ತವೆ. ಒಂದು, ಪಿಎಸ್‌ಬಿಎಸ್ ಎಂಬ ಸಣ್ಣ ಪ್ರೋಟೀನು ಎಚ್ಚೆತ್ತು, ಬೆಳಕು ಹಿಡಿಯುವ ಪ್ರೋಟೀನುಗಳ ಜೋಡಣೆಯನ್ನು ಬದಲಿಸುತ್ತದೆ. ಬದಲಾದ ಜೋಡಣೆಯಲ್ಲಿ ಶಕ್ತಿ ಶಾಖವಾಗಿ ಸೋರುತ್ತದೆ. ಇದಕ್ಕೆ ಸೆಕೆಂಡುಗಳು, ಹೆಚ್ಚೆಂದರೆ ಒಂದೆರಡು ನಿಮಿಷ ಸಾಕು. ಪಿಎಸ್‌ಬಿಎಸ್‌ನ ಪಾತ್ರ ಗೊತ್ತಾದದ್ದು 2000ದಲ್ಲಿ, ಕೃಷ್ಣ ನಿಯೋಗಿ ಅವರ ತಂಡ ಪ್ರಯೋಗಾಲಯಗಳಲ್ಲಿ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಒಂದು ರೂಪಾಂತರಿಯನ್ನು ಹಿಡಿದಾಗ. ಆ ಗಿಡ ನೋಡಲು ಮಾಮೂಲು. ತೀವ್ರ ಬೆಳಕು ಬಿಟ್ಟು ಪ್ರತಿದೀಪ್ತಿಯ ಕ್ಯಾಮೆರಾದಲ್ಲಿ ನೋಡಿದಾಗ ಮಾತ್ರ ಬೇರೆಯವೆಲ್ಲ ಮಂಕಾಗುತ್ತಿದ್ದರೆ ಇದೊಂದು ಹೊಳೆಯುತ್ತಲೇ ಇತ್ತು, ಶಾಖವಾಗಿ ಕಳೆಯಲು ಅದಕ್ಕೆ ಬರುತ್ತಿರಲಿಲ್ಲ. ಆ ಪ್ರೋಟೀನು ವರ್ಣಕಗಳನ್ನು ಹಿಡಿದುಕೊಂಡಿರುತ್ತದೆ ಎಂದು ಆಗ ಭಾವಿಸಿದ್ದರು. 2015ರಲ್ಲಿ ಅದರ ಸ್ಫಟಿಕ ರಚನೆ ಸಿಕ್ಕಾಗ ಅದರೊಳಗೆ ಅಂಥ ವರ್ಣಕಗಳು ಕಾಣಲಿಲ್ಲ.

ಎರಡನೆಯ ಕೆಲಸ ವರ್ಣಕದ್ದು. ವಿಡಿಇ ಎಂಬ ಕಿಣ್ವ ಹುಳಿಯೇರಿದಂತೆ ಇಳಿಯುವ ಅಳತೆಯಾದ ಪಿಎಚ್ 6ಕ್ಕಿಂತ ಕೆಳಗಿಳಿದಂತೆ ಚುರುಕಾಗಿ, ವಯೊಲಾಕ್ಸಾಂತಿನ್ ಎಂಬ ಹಳದಿ ವರ್ಣಕವನ್ನು ಎರಡು ಹೆಜ್ಜೆಯಲ್ಲಿ ಝಿಯಾಕ್ಸಾಂತಿನ್ ಆಗಿ ಬದಲಿಸುತ್ತದೆ. ಅದಕ್ಕೆ ಬೇಕಾದ ಸಹಾಯಕ ವಸ್ತು ವಿಟಮಿನ್ ಸಿ. ಝಿಯಾಕ್ಸಾಂತಿನ್ ಇದ್ದಾಗ ಶಾಖವಾಗಿ ಕಳೆಯುವುದು ಹೆಚ್ಚುತ್ತದೆ, ಜೊತೆಗೆ ಅದು ಪೊರೆಯ ಕೊಬ್ಬನ್ನೂ ಸುಡದಂತೆ ಕಾಯುತ್ತದೆ. ಬೆಳಕಿಗೆ ವಯೊಲಾಕ್ಸಾಂತಿನ್ ಇಳಿಯುವುದನ್ನು 1957ರಲ್ಲಿ ಸೋವಿಯತ್ ವಿಜ್ಞಾನಿ ಸಪೋಝ್ನಿಕೊವ್ ಮತ್ತು ಸಂಗಡಿಗರು ಕಂಡಿದ್ದರು. ಅದು ಝಿಯಾಕ್ಸಾಂತಿನ್ ಆಗುತ್ತದೆಂದು 1962ರಲ್ಲಿ ಯಮಾಮೊಟೊ ಮತ್ತು ಜೊತೆಯವರು ತೋರಿಸಿದರು. ಶಾಖವಾಗಿ ಕಳೆಯುವುದಕ್ಕೂ ಅದಕ್ಕೂ ನಂಟಿದೆ ಎಂದು ಬಾರ್ಬರಾ ಡೆಮ್ಮಿಗ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಹೇಳಿದರು. ಒಂದು ವರ್ಣಕ ಏಕೆ ಹಗಲು ರೂಪ ಬದಲಿಸುತ್ತದೆ ಎಂದು ತಿಳಿಯಲು 30 ವರ್ಷ ಹಿಡಿಯಿತು.

ಝಿಯಾಕ್ಸಾಂತಿನನ್ನು ಮರಳಿ ವಯೊಲಾಕ್ಸಾಂತಿನ್ ಮಾಡುವುದು ಝೆಡ್‌ಇಪಿ ಎಂಬ ಇನ್ನೊಂದು ಕಿಣ್ವ. ಇದು ಪೊರೆಯ ಆಚೆ ಬದಿಯಲ್ಲಿ ಕೂತಿರುತ್ತದೆ, ಸ್ವಭಾವದಿಂದಲೇ ನಿಧಾನ. ವಿಡಿಇ ಕೆಲವೇ ನಿಮಿಷಗಳಲ್ಲಿ ಮಾಡಿದ್ದನ್ನು ಬಿಚ್ಚಲು ಇದಕ್ಕೆ ಹತ್ತಾರು ನಿಮಿಷ ಬೇಕು. ನಮ್ಮ ಪ್ರಕರಣದ ಗಂಟು ಇಲ್ಲೇ ಇದೆ.

ಎಲ್ಲಿ ನಷ್ಟ

ಪೈರಿನ ನಡುವೆ ಒಂದು ಎಲೆಯನ್ನು ನೋಡುತ್ತ ನಿಂತರೆ ಅದರ ಮೇಲಿನ ಬಿಸಿಲು ನಿಂತಲ್ಲಿ ನಿಲ್ಲುವುದಿಲ್ಲ. ಮೋಡ ಅಡ್ಡ ಬರುತ್ತದೆ, ಗಾಳಿಗೆ ಮೇಲಿನ ಎಲೆ ವಾಲುತ್ತದೆ, ಸೂರ್ಯ ಸರಿದಂತೆ ಮೇಲಿನ ದಂಟಿನ ನೆರಳು ಹಾದುಹೋಗುತ್ತದೆ. ಪೂರ್ತಿ ಬಿಸಿಲಿನಿಂದ ಅದರ ಹತ್ತರಲ್ಲೊಂದು ಪಾಲಿಗೆ ಇಳಿಯಲು ಒಂದು ಸೆಕೆಂಡೂ ಬೇಡ. ನೆರಳು ಬಿದ್ದ ಮರುಕ್ಷಣದಿಂದ ಎಲೆಗೆ ಪ್ರತಿ ಫೋಟಾನೂ ಅಮೂಲ್ಯ. ಆದರೆ ಬಿಸಿಲಿನಲ್ಲಿ ಕೂಡಿಟ್ಟ ಝಿಯಾಕ್ಸಾಂತಿನ್ ಇನ್ನೂ ಅಲ್ಲೇ ಇದೆ; ಸಿಕ್ಕ ಅಲ್ಪ ಬೆಳಕಿನಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತಲೇ ಇರುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂಥ ಸ್ಥಿತಿ. ಹನಿ ನಿಲ್ಲುವಷ್ಟರಲ್ಲಿ ಮತ್ತೊಂದು ಬಿಸಿಲಿನ ಕೋಲು ಬಂದು ಎಲೆಯನ್ನು ತಟ್ಟುತ್ತದೆ.

ಒಂದು ಎಲೆಯಲ್ಲಿ ಒಂದು ಸಲ ಆಗುವ ನಷ್ಟ ಸಣ್ಣದು. ಇಡೀ ಪೈರಿನ ಎಲ್ಲ ಎಲೆಗಳಿಗೆ, ದಿನವಿಡೀ ಲೆಕ್ಕ ಹಾಕಿದರೆ? 2004ರಲ್ಲಿ ಶಿನ್‌ಗುವಾಂಗ್ ಝು, ಸ್ಟೀಫನ್ ಲಾಂಗ್ ಮತ್ತು ಸಹೋದ್ಯೋಗಿಗಳು ಕಂಪ್ಯೂಟರಿನಲ್ಲಿ ಈ ಲೆಕ್ಕ ಹಾಕಿದರು. ರಕ್ಷಣೆ ನಿಧಾನವಾಗಿ ಸಡಿಲಾಗುವುದರಿಂದ ಪೈರು ಕಳೆದುಕೊಳ್ಳುವ ಇಂಗಾಲದ ಮೊತ್ತ ಅಲಕ್ಷಿಸುವಂಥದ್ದಲ್ಲ, ಚಳಿಯಲ್ಲಿ ಇನ್ನೂ ಹೆಚ್ಚು ಎಂಬುದು ಉತ್ತರ. ತಂಬಾಕಿನ ಪ್ರಬಂಧ ಸಂಭವನೀಯ ನಷ್ಟವನ್ನು ಇಳುವರಿಯ ಶೇ 20ರವರೆಗೆ ಎಂದು ಹೇಳುತ್ತದೆ. ಕಾಗದದ ಮೇಲಿನ ಲೆಕ್ಕ ಎಂದು ತಳ್ಳಿಹಾಕುವಂತಿರಲಿಲ್ಲ, ನಂಬಿಬಿಡುವಂತೆಯೂ ಇರಲಿಲ್ಲ.

ಹಾಗಾದರೆ ರಕ್ಷಣೆಯನ್ನೇ ತೆಗೆದುಹಾಕಿದರೆ ಆಗದೇ? ಇದಕ್ಕೆ ಉತ್ತರ ಆಗಲೇ ಸಿಕ್ಕಿತ್ತು. ಪಿಎಸ್‌ಬಿಎಸ್ ಇಲ್ಲದ ಅರಬಿಡಾಪ್ಸಿಸ್ ಗಿಡಗಳನ್ನು ಸ್ವೀಡನ್ನಿನ ಸಂಶೋಧಕರು ಹೊರಗೆ ಬಯಲಿನಲ್ಲಿ ಬೆಳೆಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕು ಸ್ಥಿರವಾಗಿರುವ ಬೆಳೆಕೋಣೆಯಲ್ಲಿ ಇವು ಮಾಮೂಲು ಗಿಡಗಳಷ್ಟೇ ಚೆನ್ನಾಗಿದ್ದವು. ಬಯಲಿನಲ್ಲಿ ಬೀಜ ಕಡಿಮೆಯಾಯಿತು. ಅಂದರೆ ಬೆಳಕು ಏರಿಳಿಯುವ ಕಡೆ ಈ ರಕ್ಷಣೆ ಇಲ್ಲದೆ ಬದುಕು ಕಷ್ಟ, ಇದ್ದರೆ ನೆರಳಿನಲ್ಲಿ ನಷ್ಟ. ಅತ್ತ ದರಿ, ಇತ್ತ ಪುಲಿ. ನನ್ನ ಮಟ್ಟಿಗೆ ಈ ಪ್ರಯೋಗ 2016ರದ್ದಕ್ಕಿಂತ ಕಡಿಮೆ ಹೆಸರು ಪಡೆದಿದ್ದರೂ ಅದಕ್ಕಿಂತ ಮುಖ್ಯ. ಬೆಳೆಕೋಣೆಯ ಫಲಿತಾಂಶವನ್ನು ಹೊಲಕ್ಕೆ ಹೊತ್ತು ತರುವವರು ಮೊದಲು ಇದನ್ನು ನೋಡಬೇಕು.

ಮೂರು ಜೀನ್ ಏಕೆ

ರಕ್ಷಣೆ ಇರಲಿ, ಬೇಗ ಸಡಿಲಾಗಲಿ. ಲಾಂಗ್ ಮತ್ತು ನಿಯೋಗಿ ಅವರ ತಂಡಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಮತ್ತು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವೆ ಕೈಜೋಡಿಸಿದ್ದು ಈ ಗುರಿಗೆ. ಕೇಳಿದ ಕೂಡಲೇ ಹೊಳೆಯುವ ಉಪಾಯ ನಿಧಾನದ ಕಿಣ್ವವಾದ ಝೆಡ್‌ಇಪಿಯನ್ನು ಹೆಚ್ಚಿಸುವುದು. ಆದರೆ ಅದೊಂದನ್ನೇ ಹೆಚ್ಚಿಸಿದರೆ ಬಿಸಿಲಿನಲ್ಲೂ ಅದು ಝಿಯಾಕ್ಸಾಂತಿನನ್ನು ಕರಗಿಸುತ್ತಲೇ ಇರುತ್ತದೆ. ಬೇಕಾದ ಹೊತ್ತಿಗೆ ರಕ್ಷಣೆ ಸಾಲದೆ ಹೋಗುತ್ತದೆ. ಅದಕ್ಕೆ ಎದುರಾಗಿ ವಿಡಿಇಯನ್ನೂ ಹೆಚ್ಚಿಸಬೇಕು. ಆಗ ಎರಡೂ ಕಡೆಯ ಓಟ ಚುರುಕಾಗುತ್ತದೆ. ಇದರ ಮೇಲೆ, ವರ್ಣಕವನ್ನು ಅಷ್ಟಾಗಿ ನೆಚ್ಚದೆ ಸೆಕೆಂಡುಗಳಲ್ಲಿ ಏರಿ ಸೆಕೆಂಡುಗಳಲ್ಲಿ ಇಳಿಯುವ ಭಾಗ ಬಲವಾಗಿರಲಿ ಎಂದು ಪಿಎಸ್‌ಬಿಎಸ್. ಮೂರನ್ನೂ ಅರಬಿಡಾಪ್ಸಿಸ್‌ನಿಂದ ತೆಗೆದು ಒಟ್ಟಿಗೆ ತಂಬಾಕಿಗೆ ಸೇರಿಸಿದರು. ಮೂರು ಹೆಸರುಗಳ ಮೊದಲಕ್ಷರ ಸೇರಿಸಿ ಆ ಗಿಡಗಳಿಗೆ ವಿಪಿಝೆಡ್ ಎಂದು ಹೆಸರಾಯಿತು.

ತಂಬಾಕೇ ಏಕೆ ಎಂದು ಸಿಡುಕುವವರುಂಟು. ಹೊರಗಿನ ಜೀನ್ ಸೇರಿಸಲು ಅದು ಸುಲಭದ ಗಿಡ, ಬೀಜ ಧಾರಾಳ, ಹೊಲದಲ್ಲಿ ಅನೇಕ ಪದರದ ಎಲೆಚಾವಣಿ ಕಟ್ಟುತ್ತದೆ. ಕೊನೆಯ ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರಗಿನ ಜೀನ್ ಪಡೆದ ಗಿಡಗಳೆಲ್ಲ ಒಂದೇ ರೀತಿ ಇರುವುದಿಲ್ಲ. ಜೀನ್ ಎಲ್ಲಿ ಕೂತಿತು, ಎಷ್ಟು ಕೆಲಸ ಮಾಡಿತು ಎಂಬುದು ಒಂದೊಂದರಲ್ಲಿ ಒಂದೊಂದು ಬಗೆ. ಎಳೆ ಸಸಿಗಳನ್ನು ಸಾಲಾಗಿಟ್ಟು ತೀವ್ರ ಬೆಳಕು ಬಿಟ್ಟು, ಆಮೇಲೆ ಬೆಳಕು ತಗ್ಗಿಸಿ, ಪ್ರತಿದೀಪ್ತಿಯ ಚಿತ್ರದಲ್ಲಿ ಯಾವುದು ಬೇಗ ಚೇತರಿಸಿಕೊಳ್ಳುತ್ತದೆ ಎಂದು ನೋಡಿ ಆರಿಸಿದರು. ಹೀಗೆ ಆಯ್ದ ಸಾಲುಗಳಲ್ಲಿ ಮೂರನ್ನು ಹೊಲಕ್ಕೆ ಒಯ್ದರು. ಅಂದರೆ ವಿಪಿಝೆಡ್ ಎಂದರೆ ಮೂರು ಜೀನ್ ಮಾತ್ರವಲ್ಲ. ಮೂರರ ಪ್ರಮಾಣ ಸರಿಯಾಗಿ ಹೊಂದಿಕೊಂಡ ಗಿಡಗಳು ಎಂದು ಓದಬೇಕು.

ಎಲೆಯ ಮಟ್ಟದ ಅಳತೆಗಳಲ್ಲಿ ನನಗೆ ಹೆಚ್ಚು ಮನವರಿಕೆ ಮಾಡಿದ್ದು ವ್ಯತ್ಯಾಸ ಕಾಣದ ಕಡೆ. ಬೆಳಕನ್ನು ಸ್ಥಿರವಾಗಿಟ್ಟು ಇಂಗಾಲದ ಡೈಆಕ್ಸೈಡ್ ಹೀರುವ ದರ ಅಳೆದರೆ ವಿಪಿಝೆಡ್ ಎಲೆಗೂ ಮಾಮೂಲು ಎಲೆಗೂ ಅಂತರವಿಲ್ಲ. ಬೆಳಕನ್ನು ಏರಿಸಿ ಇಳಿಸಿ ಅಳೆದರೆ ವಿಪಿಝೆಡ್ ಮುಂದೆ. ಊಹೆ ಸರಿಯಾಗಿದ್ದರೆ ಹೀಗೇ ಆಗಬೇಕಿತ್ತು. ಸ್ಥಿರ ಬೆಳಕಿನಲ್ಲೂ ಲಾಭ ಕಂಡಿದ್ದರೆ ಬೇರೇನೋ ನಡೆದಿದೆ ಎಂದು ಅನುಮಾನ ಪಡಬೇಕಾಗುತ್ತಿತ್ತು. ತೀವ್ರ ಬೆಳಕಿನಲ್ಲಿ ದೀರ್ಘ ಹೊತ್ತು ಇಟ್ಟಾಗಲೂ ರಕ್ಷಣೆ ಕುಂದಿದ ಲಕ್ಷಣ ಕಾಣಲಿಲ್ಲ. ಹೊಲದಲ್ಲಿ ಗಿಡ ಎತ್ತರ ಬೆಳೆಯಿತು, ಎಲೆಯ ವಿಸ್ತಾರ ಹೆಚ್ಚಿತು, ಒಣತೂಕದ ಲೆಕ್ಕ ಮೊದಲೇ ಹೇಳಿದ್ದೇನೆ.

ಮುಂದೆ ಆದದ್ದು

ಪತ್ರಿಕೆಗಳು ಇದನ್ನು ‘ಗಿಡಗಳು ಬೆಳಕು ಪೋಲು ಮಾಡುತ್ತವೆ, ವಿಜ್ಞಾನಿಗಳು ಸರಿಪಡಿಸಿದರು’ ಎಂಬ ಧಾಟಿಯಲ್ಲಿ ಬರೆದವು. ಅದು ನನಗೆ ಒಪ್ಪಿಗೆಯಾಗದು. ಅದಕ್ಕೆ ಕಾರಣ ಆಮೇಲಿನ ಫಲಿತಾಂಶಗಳಲ್ಲೇ ಇದೆ.

2018ರಲ್ಲಿ ಇದೇ ತಂಡಗಳು ಪಿಎಸ್‌ಬಿಎಸ್ ಒಂದನ್ನೇ ಹೆಚ್ಚಿಸಿದ ತಂಬಾಕನ್ನು ಹೊಲದಲ್ಲಿ ಬೆಳೆಸಿದವು. ಅಲ್ಲಿ ಸಿಕ್ಕಿದ್ದು ಬೇರೆಯದೇ ಲಾಭ: ಹೀರಿದ ಇಂಗಾಲದ ಪ್ರತಿ ಅಣುವಿಗೆ ಕಳೆದುಕೊಳ್ಳುವ ನೀರು ಸುಮಾರು ಶೇ 25ರಷ್ಟು ಕಡಿಮೆ. ಪತ್ರರಂಧ್ರಗಳು ಎಷ್ಟು ತೆರೆಯಬೇಕೆಂದು ನಿರ್ಧರಿಸುವಾಗ ಫೋಟೋಸಿಸ್ಟಂ 2ರ ನಂತರದ ಎಲೆಕ್ಟ್ರಾನ್ ದಟ್ಟಣೆಯೂ ಒಂದು ಸೂಚನೆ. ಶಾಖವಾಗಿ ಹೆಚ್ಚು ಕಳೆದರೆ ಆ ದಟ್ಟಣೆ ಇಳಿಯುತ್ತದೆ, ರಂಧ್ರ ಅಷ್ಟಾಗಿ ತೆರೆಯುವುದಿಲ್ಲ. ಬೆಳಕಿನ ರಕ್ಷಣೆಗೆ ಕೈಹಾಕಿದರೆ ನೀರಿನ ಲೆಕ್ಕ ಅಲುಗುತ್ತದೆ ಎಂದು ಇದರಿಂದ ಗೊತ್ತಾಯಿತು. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ.

2020ರಲ್ಲಿ ಗಾರ್ಸಿಯಾ-ಮೊಲಿನಾ ಮತ್ತು ಲೈಸ್ಟರ್ ಅರಬಿಡಾಪ್ಸಿಸ್‌ನಲ್ಲೇ ಈ ಮೂರು ಜೀನ್‌ಗಳನ್ನು ಹೆಚ್ಚಿಸಿ ನೋಡಿದರು. ರಕ್ಷಣೆ ನಿರೀಕ್ಷೆಯಂತೆ ಬೇಗ ಸಡಿಲಾಯಿತು. ಗಿಡ ಮಾತ್ರ ದೊಡ್ಡದಾಗಲಿಲ್ಲ, ಬದಲಿಗೆ ಬೆಳವಣಿಗೆ ಕುಂಠಿತವಾಯಿತು. 2022ರಲ್ಲಿ ಆಲೂಗಡ್ಡೆಯ ಸರದಿ. ಅಲ್ಲಿ ವಿಪಿಝೆಡ್ ಗಿಡಗಳು ಶಾಖವಾಗಿ ಕಳೆಯುವುದನ್ನೇ ಜಾಸ್ತಿ ಮಾಡಿಕೊಂಡವು. ತೀವ್ರ ಬೆಳಕಿನಲ್ಲಿ ಇಂಗಾಲ ಹೀರುವುದು ಇಳಿಯಿತು, ಏರಿಳಿಯುವ ಬೆಳಕಿನಲ್ಲಿ ಗಡ್ಡೆಯ ಇಳುವರಿ ಕಡಿಮೆಯಾಯಿತು. ಅದೇ ವರ್ಷ ಇಲಿನಾಯ್ ತಂಡ ಸೋಯಾಬೀನಿನ ಫಲಿತಾಂಶ ಪ್ರಕಟಿಸಿತು: ಹೊಲದಲ್ಲಿ ಕಾಳಿನ ಇಳುವರಿ ಒಂದು ಹಂಗಾಮಿನಲ್ಲಿ ಶೇ 33ರವರೆಗೆ ಹೆಚ್ಚು, ಕಾಳಿನ ಪ್ರೋಟೀನು ಮತ್ತು ಎಣ್ಣೆಯ ಅಂಶದಲ್ಲಿ ಇಳಿಕೆಯಿಲ್ಲ. ಮುಂದಿನ ಹಂಗಾಮಿನಲ್ಲಿ ಗಾಳಿಮಳೆಗೆ ಪೈರು ಒರಗಿ ಬಿದ್ದು ಸ್ಪಷ್ಟ ಅಂತರ ಕಾಣಲಿಲ್ಲ.

ಈ ನಾಲ್ಕನ್ನು ಒಟ್ಟಿಗಿಟ್ಟು ಓದುವಾಗ ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಎಂದುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಮೊದಲನೆಯದಾಗಿ ಗಿಡದ ಆಕಾರ. ಅರಬಿಡಾಪ್ಸಿಸ್ ನೆಲಕ್ಕೆ ಅಂಟಿಕೊಂಡು ವೃತ್ತಾಕಾರದಲ್ಲಿ ಎಲೆ ಹರಡುವ ಪುಟ್ಟ ಗಿಡ. ತನ್ನ ಎಲೆಗೆ ತಾನೇ ನೆರಳು ಹಾಕುವುದು ಅದರಲ್ಲಿ ಅತ್ಯಲ್ಪ. ತಂಬಾಕಿನ, ಸೋಯಾಬೀನಿನ ದಟ್ಟ ಎಲೆಚಾವಣಿಯಲ್ಲಿ ಇರುವ ನಷ್ಟವೇ ಅದರಲ್ಲಿ ಇಲ್ಲದಿದ್ದರೆ ಉಳಿಸುವುದೇನನ್ನು? ಎರಡನೆಯದು ಪ್ರಮಾಣ. ಆಲೂಗಡ್ಡೆಯಲ್ಲಿ ರಕ್ಷಣೆ ಹೆಚ್ಚಿಸುವ ಕಡೆ ತೂಕ ಬಿದ್ದಂತಿದೆ, ಬಿಡುವ ಕಡೆ ಅಷ್ಟು ಬೀಳಲಿಲ್ಲ. ಹೆಸರಿಗೆ ವಿಪಿಝೆಡ್, ನಡತೆಯಲ್ಲಿ ಅಲ್ಲ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಗಿಡಕ್ಕೆ ಬರ ಬಂದಾಗ ಪತ್ರರಂಧ್ರ ಮುಚ್ಚಿಸುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ತಯಾರಾಗುವುದು ಇದೇ ವಯೊಲಾಕ್ಸಾಂತಿನ್ ದಾರಿಯಲ್ಲಿ. ಝೆಡ್‌ಇಪಿಯ ಪ್ರಮಾಣ ಅಲುಗಿಸಿದರೆ ಬೆಳಕಿನ ರಕ್ಷಣೆಯ ಆಚೆಗೂ ಪರಿಣಾಮ ತಟ್ಟಲು ದಾರಿ ತೆರೆದಿದೆ. ಯಾವ ಗಿಡದಲ್ಲಿ ಎಷ್ಟು ತಟ್ಟಿತು ಎಂಬುದು ಬೇರೆ ಮಾತು, ಆದರೆ ಬಿಡಿಯಾಗಿ ನಿಂತ ಗುಂಡಿ ಒತ್ತುತ್ತಿದ್ದೇವೆ ಎಂದು ಭಾವಿಸುವಂತಿಲ್ಲ.

ನಿಧಾನವೇ ದೋಷ ಎನ್ನುವುದೂ ಅರ್ಧ ಸತ್ಯ. ಕಡು ಚಳಿಯ ಪ್ರದೇಶಗಳ ನಿತ್ಯಹಸಿರು ಮರಗಳು ಚಳಿಗಾಲವಿಡೀ ಝಿಯಾಕ್ಸಾಂತಿನನ್ನು ಹಿಡಿದೇ ಇರುತ್ತವೆ, ರಾತ್ರಿಯೂ ಬಿಡುವುದಿಲ್ಲ. ಬೆಳಕು ಪ್ರಖರ, ತಣ್ಣಗಿನ ಎಲೆಯಲ್ಲಿ ಸಕ್ಕರೆಯ ಕೆಲಸ ನಿಂತಿದೆ, ಡಿ1 ರಿಪೇರಿಯೂ ತೆವಳುತ್ತಿದೆ. ಅಂಥಲ್ಲಿ ಬೇಗ ಸಡಿಲಾಗುವ ರಕ್ಷಣೆ ಆತ್ಮಹತ್ಯೆ. ಕಾಡುಗಿಡಕ್ಕೆ ನೆರಳಿನಲ್ಲಿ ಒಂದಿಷ್ಟು ಸಕ್ಕರೆ ಕಳೆದುಕೊಳ್ಳುವುದಕ್ಕಿಂತ ಎಂದೋ ಒಂದು ಕೆಟ್ಟ ದಿನ ಎಲೆ ಸುಡದಿರುವುದು ಮುಖ್ಯವಾಗಿದ್ದರೆ, ಆ ನಿಧಾನ ಸರಿಯಾಗಿಯೇ ಇದೆ. ಗೊಬ್ಬರ, ನೀರು ಕೊಟ್ಟು ಒತ್ತಾಗಿ ಬೆಳೆಸುವ ಬೆಳೆಯ ಲೆಕ್ಕ ಬೇರೆ. ಅಲ್ಲಿ ಎಲೆಗಳ ಬಹುಪಾಲು ಬದುಕು ಒಂದರ ನೆರಳಿನಲ್ಲಿ ಇನ್ನೊಂದು. ಪೋಲು ಎಂಬ ಮಾತು ಆ ಎರಡನೆಯ ಕಡೆ ಮಾತ್ರ ಸಲ್ಲುತ್ತದೆ.

ಈಗ ಕೆಲಸ ಇನ್ನೊಂದು ದಿಕ್ಕಿಗೂ ಹೊರಳಿದೆ. ಹೊರಗಿನ ಜೀನ್ ಸೇರಿಸುವ ಬದಲು ಗಿಡದ ಸ್ವಂತ ಪಿಎಸ್‌ಬಿಎಸ್ ಜೀನಿನ ಹಿಂದಿನ ನಿಯಂತ್ರಕ ಭಾಗವನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಬದಲಿಸಿ ಅದರ ಕೆಲಸ ಹೆಚ್ಚಿಸಬಹುದು ಎಂದು ಭತ್ತದಲ್ಲಿ 2024ರಲ್ಲಿ ತೋರಿಸಿದ್ದಾರೆ. ತಿದ್ದಿದ ಗಿಡಗಳಲ್ಲಿ ಬಹಳಷ್ಟರಲ್ಲಿ ಜೀನಿನ ಕೆಲಸ ತಗ್ಗಿತು, ಹೆಚ್ಚಿದ್ದು ಕೆಲವೇ ಕೆಲವುಗಳಲ್ಲಿ. ಆದರೂ ಹುಡುಕಿದರೆ ಸಿಗುತ್ತದೆ ಎಂಬುದು ಖಚಿತವಾಯಿತು. ಭತ್ತ ಒತ್ತಾಗಿ ಬೆಳೆಯುವ ಪೈರು, ನೆಟ್ಟನೆಯ ಎಲೆ, ಒಳಗೆ ಬಿಸಿಲು ಬೇರೆ ರೀತಿ ಇಳಿಯುತ್ತದೆ. ಅದರಲ್ಲಿ ಸಡಿಲಾಗುವ ವೇಗ ಎಷ್ಟಿರಬೇಕು ಎಂಬ ಲೆಕ್ಕವನ್ನು ತಂಬಾಕಿನಿಂದ ಎರವಲು ತರಲಾಗದು. ಭತ್ತದ ಗದ್ದೆಯಲ್ಲೇ, ಒಂದಕ್ಕಿಂತ ಹೆಚ್ಚು ಹಂಗಾಮುಗಳಲ್ಲಿ, ಪೈರಿನ ಮೇಲಿನ ಎಲೆಯನ್ನೂ ನಡುವಿನ ಎಲೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕು.